ಅವಿಭಾಜ್ಯ ಸಂಖ್ಯೆಗಳ ಬೆನ್ನು ಹತ್ತಿದ ಮಂಡ್ಯದ ರಾಮಚಂದ್ರ

ಗಣಿತದಲ್ಲಿ ಕಣ್ಣಿಗೆ ಕಾಣುವ ಸತ್ಯಕ್ಕೂ ಸಾಧಿಸಿ ತೋರಿಸಿದ ಸತ್ಯಕ್ಕೂ ನಡುವೆ ದೊಡ್ಡ ಕಂದರವಿದೆ. ಕೋಟ್ಯಂತರ ಉದಾಹರಣೆಗಳು ಒಂದೇ ಮಾತನ್ನು ಹೇಳಿದರೂ ಗಣಿತಜ್ಞ ಅದನ್ನು ಸತ್ಯವೆಂದು ಒಪ್ಪುವುದಿಲ್ಲ. ಎಲ್ಲ ಸಂಖ್ಯೆಗಳಿಗೂ ಅನ್ವಯಿಸುವ ಒಂದು ಸಾಧನೆ ದೊರೆಯುವವರೆಗೆ ಅದು ಬರಿಯ ಊಹೆ. ಈ ಕಂದರ ಎಲ್ಲಕ್ಕಿಂತ ಆಳವಾಗಿರುವುದು ಅವಿಭಾಜ್ಯ ಸಂಖ್ಯೆಗಳ ವಿಷಯದಲ್ಲಿ. ಶಾಲೆಯ ಮಕ್ಕಳಿಗೂ ಅರ್ಥವಾಗುವ ಪ್ರಶ್ನೆಗಳು ಇಲ್ಲಿ ಶತಮಾನಗಳಿಂದ ಉತ್ತರವಿಲ್ಲದೆ ಉಳಿದಿವೆ.

ಈ ಕಂದರದ ಅಗಲವನ್ನು ಒಂದಿಷ್ಟಾದರೂ ಕಿರಿದು ಮಾಡುವುದಕ್ಕೆ ಅರ್ಧ ಶತಮಾನವನ್ನು ಮೀಸಲಿಟ್ಟ ಕನ್ನಡ ನಾಡಿನ ಗಣಿತಜ್ಞ ಕನಕನಹಳ್ಳಿ ರಾಮಚಂದ್ರ. ಸಂಖ್ಯಾ ಸಿದ್ಧಾಂತವನ್ನು ಅಭ್ಯಾಸ ಮಾಡುವವರಿಗೆ ಜಗತ್ತಿನ ಯಾವ ಮೂಲೆಯಲ್ಲಾದರೂ ಕೆ. ರಾಮಚಂದ್ರ ಎಂಬ ಹೆಸರು ಪರಿಚಿತ. ಅವರು ಹುಟ್ಟಿದ ಮಂಡ್ಯದಲ್ಲಿ, ಓದಿ ದುಡಿದು ಕಡೆಗೆ ಕಣ್ಮುಚ್ಚಿದ ಬೆಂಗಳೂರಿನಲ್ಲಿ ಆ ಪರಿಚಯ ಅಷ್ಟಾಗಿ ಇಲ್ಲ.

ಮಿಲ್ಲಿನ ಗುಮಾಸ್ತ

ರಾಮಚಂದ್ರರು ಜನಿಸಿದ್ದು 1933ರ ಆಗಸ್ಟ್ 18ರಂದು, ಅಂದಿನ ಮೈಸೂರು ಸಂಸ್ಥಾನದ ಮಂಡ್ಯದಲ್ಲಿ. ಹದಿಮೂರನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು. ಮಗನ ಓದು ನಿಲ್ಲಬಾರದೆಂದು ತಾಯಿ ಕುಟುಂಬದ ಜಮೀನಿನ ಮೇಲೆ ಸಾಲ ಮಾಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿಯನ್ನೂ ಸ್ನಾತಕೋತ್ತರ ಪದವಿಯನ್ನೂ ಪೂರೈಸಿದ ರಾಮಚಂದ್ರರಿಗೆ ಓದಿನ ದಿನಗಳಲ್ಲಿ ಸ್ಪರ್ಧೆಯೊಂದರಲ್ಲಿ ಬಹುಮಾನವಾಗಿ ಒಂದು ಪುಸ್ತಕ ದೊರೆಯಿತು. ಅದು ಶ್ರೀನಿವಾಸ ರಾಮಾನುಜನ್ನರ ಬದುಕು ಮತ್ತು ಗಣಿತವನ್ನು ಕುರಿತದ್ದು. ಮುಂದಿನ ದಾರಿಯನ್ನು ನಿರ್ಧರಿಸಿದ್ದು ಆ ಪುಸ್ತಕ.

ಆದರೆ ದಾರಿ ಕಂಡರೂ ನಡೆಯಲು ಅನುಕೂಲವಿರಲಿಲ್ಲ. ಮನೆಯ ಹೊಣೆ ಹೊತ್ತ ತರುಣನಿಗೆ ಮೊದಲು ಬೇಕಾದದ್ದು ಸಂಬಳ. ಬೆಂಗಳೂರಿನ ಮಿನರ್ವ ಮಿಲ್ಲಿನಲ್ಲಿ, ತಂದೆ ದುಡಿದಿದ್ದ ಅದೇ ಬಟ್ಟೆ ಗಿರಣಿಯಲ್ಲಿ, ರಾಮಚಂದ್ರರು ಗುಮಾಸ್ತರಾಗಿ ಸೇರಿಕೊಂಡರು. ಸಂವಿಧಾನದ ಮೂಲ ಸ್ವರೂಪಕ್ಕೆ ಸಂಬಂಧಿಸಿದ 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮುಂದೆ ದೇಶಕ್ಕೆಲ್ಲ ಹೆಸರಾದ ಮಿಲ್ಲು ಅದೇ. ಗಿರಣಿಯ ಲೆಕ್ಕಪತ್ರಕ್ಕೂ ಸಂಖ್ಯಾ ಸಿದ್ಧಾಂತಕ್ಕೂ ಸಂಬಂಧವಿಲ್ಲ. ಆದರೂ ಬಿಡುವಿನ ವೇಳೆಯಲ್ಲಿ ರಾಮಾನುಜನ್ನರ ಪ್ರಮೇಯಗಳನ್ನು ಗುರುವಿಲ್ಲದೆ ತಾವೇ ಅಭ್ಯಾಸ ಮಾಡುವುದನ್ನು ಅವರು ಬಿಡಲಿಲ್ಲ. 1912ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಲೇ ಗಣಿತ ಬರೆಯುತ್ತಿದ್ದ ರಾಮಾನುಜನ್ನರ ಬದುಕು, ನಾಲ್ಕು ದಶಕಗಳ ಬಳಿಕ ಬೆಂಗಳೂರಿನ ಗಿರಣಿಯೊಂದರಲ್ಲಿ ಬೇರೊಂದು ರೂಪದಲ್ಲಿ ಮರುಕಳಿಸಿದಂತಿತ್ತು.

ಗಿರಣಿಯ ಕೆಲಸದ ನಂತರ ಕೆಲಕಾಲ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕರಾಗಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಅಧ್ಯಾಪಕರಾಗಿದ್ದ ಅವಧಿ ಕೇವಲ ಆರು ದಿನ. 1958ರಲ್ಲಿ ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಾಗಿಲು ತೆರೆಯಿತು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು.

ಕೊಲಾಬಾದ ಕಡಲ ದಂಡೆಯಲ್ಲಿ

ಹೋಮಿ ಭಾಭಾ ಅವರು 1945ರಲ್ಲಿ ಸ್ಥಾಪಿಸಿದ ಟಾಟಾ ಸಂಸ್ಥೆ ಮೊದಲು ಕಣ್ಣು ತೆರೆದದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ. ಅದೇ ವರ್ಷ ಅದು ಬೊಂಬಾಯಿಗೆ ಸ್ಥಳಾಂತರಗೊಂಡಿತು. ಕೆ. ಚಂದ್ರಶೇಖರನ್ ಅವರ ನೇತೃತ್ವದಲ್ಲಿ ಅಲ್ಲಿನ ಗಣಿತ ವಿಭಾಗ ವಿಶ್ವಮಟ್ಟದಲ್ಲಿ ಬೆಳೆಯುತ್ತಿದ್ದ ಕಾಲವದು. ಜರ್ಮನಿಯ ಮಹಾಗಣಿತಜ್ಞ ಕಾರ್ಲ್ ಲುಡ್ವಿಗ್ ಸೀಗಲ್ ಅಂಥವರು ಅಲ್ಲಿಗೆ ಬಂದು ಪಾಠ ಹೇಳುತ್ತಿದ್ದರು. ರಾಮಚಂದ್ರರು ಕೆ.ಜಿ. ರಾಮನಾಥನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಕೈಗೊಂಡು 1965ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಕ್ರೋನೆಕರ್ ಸೀಮಾ ಸೂತ್ರಗಳ ಉಪಯೋಗಗಳನ್ನು ಕುರಿತು ಅವರು ಬರೆದ ಲೇಖನ 1964ರಲ್ಲಿ ಅಮೆರಿಕದ ಅನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಣಿತಜ್ಞರು ಜೀವಮಾನದಲ್ಲಿ ಒಮ್ಮೆಯಾದರೂ ಬರೆಯಬೇಕೆಂದು ಹಂಬಲಿಸುವ ಪತ್ರಿಕೆಯದು.

ಅಲ್ಲಿಂದ ಮೂವತ್ತು ವರ್ಷಗಳ ಕಾಲ, 1995ರಲ್ಲಿ ನಿವೃತ್ತರಾಗುವವರೆಗೆ, ಅವರು ಅದೇ ಸಂಸ್ಥೆಯಲ್ಲಿ ಉಳಿದರು. ಈ ಅವಧಿಯಲ್ಲಿ ಅವರ ಮನಸ್ಸು ನೆಟ್ಟದ್ದು ಮುಖ್ಯವಾಗಿ ಮೂರು ವಿಷಯಗಳಲ್ಲಿ: ಅವಿಭಾಜ್ಯ ಸಂಖ್ಯೆಗಳ ಹಂಚಿಕೆ, ಬೀಜಾತೀತ ಸಂಖ್ಯೆಗಳು ಮತ್ತು ರೀಮನ್ನನ ಜೀಟಾ ಫಲನ. ಮೂರೂ ಬೇರೆ ಬೇರೆಯಾಗಿ ತೋರಿದರೂ ಮೂರರ ಬೇರೂ ಅವಿಭಾಜ್ಯ ಸಂಖ್ಯೆಗಳಲ್ಲಿದೆ.

ಹೆದ್ದಾರಿಯ ಊರುಗಳಂತೆ

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ, ಒಂದಕ್ಕಿಂತ ದೊಡ್ಡ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. 2, 3, 5, 7, 11, 13 ಹೀಗೆ ಸಾಲು ಬೆಳೆಯುತ್ತದೆ. ಉಳಿದ ಸಂಖ್ಯೆಗಳೆಲ್ಲ ಇವುಗಳ ಗುಣಲಬ್ಧಗಳು. ಈ ಸಾಲಿಗೆ ಕೊನೆಯಿಲ್ಲವೆಂಬುದನ್ನು ಗ್ರೀಸಿನ ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಸಾಧಿಸಿ ತೋರಿಸಿದ್ದಾನೆ.

ಕೊನೆಯಿಲ್ಲದಿದ್ದರೂ ಇವು ದೂರ ಹೋದಂತೆಲ್ಲ ವಿರಳವಾಗುತ್ತವೆ. 100ರೊಳಗೆ 25, ಸಾವಿರದೊಳಗೆ 168, ಹತ್ತು ಲಕ್ಷದೊಳಗೆ 78,498 ಅವಿಭಾಜ್ಯ ಸಂಖ್ಯೆಗಳಿವೆ. ಬೆಂಗಳೂರಿನಿಂದ ಪುಣೆಯ ಹೆದ್ದಾರಿ ಹಿಡಿದವರಿಗೆ ಮೊದಲಲ್ಲಿ ಊರಿಗೆ ಊರು ತಾಗಿಕೊಂಡೇ ಸಿಗುತ್ತದೆ. ತುಮಕೂರು ದಾಟಿ ಕಳ್ಳಂಬೆಳ್ಳ, ಶಿರಾ ಕಡೆಗೆ ಸಾಗಿದಂತೆ ಊರುಗಳ ನಡುವೆ ಬಯಲು ಹಿಗ್ಗುತ್ತದೆ. ಆದರೆ ಆ ಬಯಲಿನಲ್ಲೂ ಎರಡು ಹಳ್ಳಿಗಳು ಒಂದರ ಪಕ್ಕ ಒಂದು ಇರಬಹುದು. ಮೈಲುಗಟ್ಟಲೆ ಒಂದು ಮನೆಯೂ ಸಿಗದಿರಬಹುದು. ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯೂ ಹೀಗೆಯೇ. ಸರಾಸರಿ ಎಷ್ಟು ದೂರಕ್ಕೊಂದು ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಣಿತಜ್ಞರು ಸಾಧಿಸಿದರು. ಆದರೆ ಎರಡರ ನಡುವಿನ ಅಂತರ ಹೆಚ್ಚೆಂದರೆ ಎಷ್ಟಿರಬಹುದು ಎಂಬುದು ಇನ್ನೂ ಬಗೆಹರಿದಿಲ್ಲ.

ಫ್ರಾನ್ಸಿನ ಲೆಜಾಂಡ್ರನ ಹೆಸರಿನಲ್ಲಿರುವ ಒಂದು ಊಹೆಯಿದೆ. ಅನುಕ್ರಮವಾಗಿರುವ ಯಾವ ಎರಡು ಸಂಖ್ಯೆಗಳ ವರ್ಗಗಳನ್ನು ತೆಗೆದುಕೊಂಡರೂ ಅವುಗಳ ನಡುವೆ ಒಂದಾದರೂ ಅವಿಭಾಜ್ಯ ಸಂಖ್ಯೆ ಇದ್ದೇ ಇರುತ್ತದೆ ಎಂಬುದು ಅದರ ಸಾರ. 9 ಮತ್ತು 16ರ ನಡುವೆ 11, 13. 16 ಮತ್ತು 25ರ ನಡುವೆ 17, 19, 23. ಪರೀಕ್ಷಿಸಿದಲ್ಲೆಲ್ಲ ಇದು ನಿಜವಾಗಿದೆ. ಒಂದು ಲಕ್ಷ ಕೋಟಿಯವರೆಗಿನ ಸಂಖ್ಯೆಗಳಲ್ಲಿ ಎರಡು ಅನುಕ್ರಮ ಅವಿಭಾಜ್ಯಗಳ ನಡುವೆ ಕಂಡಿರುವ ಅತಿ ದೊಡ್ಡ ಅಂತರ 540 ಮಾತ್ರ. ಲೆಜಾಂಡ್ರನ ಊಹೆಗೆ ಅಷ್ಟು ಎತ್ತರದಲ್ಲಿ ಇಪ್ಪತ್ತು ಲಕ್ಷದಷ್ಟು ಅಗಲದ ಜಾಗ ಸಿಗುತ್ತದೆ. ಕಣ್ಣಿಗೆ ಕಾಣುವ ಸಾಕ್ಷ್ಯ 540 ಎನ್ನುತ್ತದೆ. ಇಪ್ಪತ್ತು ಲಕ್ಷದ ಅಗಲವನ್ನೂ ಎಲ್ಲ ಸಂಖ್ಯೆಗಳಿಗೆ ಅನ್ವಯಿಸುವಂತೆ ಸಾಧಿಸಲು ಯಾರಿಂದಲೂ ಆಗಿಲ್ಲ. 1912ರಲ್ಲಿ ಜರ್ಮನಿಯ ಎಡ್ಮಂಡ್ ಲಾಂಡೌ ಅವಿಭಾಜ್ಯ ಸಂಖ್ಯೆಗಳ ಬಗೆಗೆ ಆಗಿನ ವಿಜ್ಞಾನಕ್ಕೆ ನಿಲುಕದ ನಾಲ್ಕು ಸಮಸ್ಯೆಗಳನ್ನು ಪಟ್ಟಿ ಮಾಡಿದಾಗ ಇದೂ ಅದರಲ್ಲಿ ಸೇರಿತ್ತು. ಆ ನಾಲ್ಕೂ ಇಂದಿಗೂ ಹಾಗೆಯೇ ಉಳಿದಿವೆ.

ವರ್ಗಮೂಲದ ಗೋಡೆ

ರಾಮಚಂದ್ರರು 1960ರ ದಶಕದ ಕೊನೆಯಲ್ಲಿ ಕೈಗೆತ್ತಿಕೊಂಡದ್ದು ಇದರ ಮಗ್ಗುಲಿನ ಪ್ರಶ್ನೆಯನ್ನು. ಒಂದು ದೊಡ್ಡ ಸಂಖ್ಯೆಯಿಂದ ಹೊರಟು, ಅದರ ವರ್ಗಮೂಲದಷ್ಟು ದೂರ ನಡೆದರೆ ದಾರಿಯಲ್ಲಿ ಅವಿಭಾಜ್ಯ ಸಂಖ್ಯೆಯೊಂದು ಸಿಗುತ್ತದೆಯೆಂದು ಸಾಧಿಸಲು ಆಗದಿದ್ದರೆ ಬೇಡ. ಕಡೆಯಪಕ್ಷ ಅತಿ ದೊಡ್ಡ ಅವಿಭಾಜ್ಯ ಅಪವರ್ತನವುಳ್ಳ ಸಂಖ್ಯೆಯೊಂದು ಸಿಗುತ್ತದೆಯೆಂದು ಹೇಳಬಹುದೇ? ಆ ಅಪವರ್ತನ ಎಷ್ಟು ದೊಡ್ಡದೆಂದು ಖಾತ್ರಿ ಕೊಡಬಹುದು? ಅಪವರ್ತನ ದೊಡ್ಡದಾಗುತ್ತಾ ಸಂಖ್ಯೆಯಷ್ಟೇ ದೊಡ್ಡದಾದರೆ ಆ ಸಂಖ್ಯೆಯೇ ಅವಿಭಾಜ್ಯ. ಹೀಗೆ ನೇರವಾಗಿ ಹತ್ತಲಾಗದ ಬೆಟ್ಟಕ್ಕೆ ಬಳಸಿ ಹೋಗುವ ದಾರಿಯಿದು.

ಈ ದಾರಿಯಲ್ಲಿ ಇಂಗ್ಲೆಂಡಿನ ಸಿಲ್ವೆಸ್ಟರ್ 1892ರಲ್ಲಿಯೇ ಒಂದು ಮೈಲಿಗಲ್ಲು ನೆಟ್ಟಿದ್ದ. ಅವನ ಪ್ರಮೇಯದ ಪ್ರಕಾರ, ಸಾಲಾಗಿರುವ ಒಂದಷ್ಟು ಸಂಖ್ಯೆಗಳು ತಮ್ಮ ಎಣಿಕೆಗಿಂತ ದೊಡ್ಡವಾಗಿದ್ದರೆ, ಅವುಗಳಲ್ಲಿ ಒಂದಕ್ಕಾದರೂ ಆ ಎಣಿಕೆಗಿಂತ ದೊಡ್ಡದಾದ ಅವಿಭಾಜ್ಯ ಅಪವರ್ತನ ಇದ್ದೇ ಇರುತ್ತದೆ. ಒಂದು ಲಕ್ಷ ಕೋಟಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ವರ್ಗಮೂಲ ಹತ್ತು ಲಕ್ಷ. ಅಲ್ಲಿಂದ ಮುಂದಿನ ಹತ್ತು ಲಕ್ಷ ಸಂಖ್ಯೆಗಳಲ್ಲಿ ಒಂದಕ್ಕಾದರೂ ಹತ್ತು ಲಕ್ಷಕ್ಕಿಂತ ದೊಡ್ಡ ಅವಿಭಾಜ್ಯ ಅಪವರ್ತನವಿದೆ ಎಂಬುದು ಸಿಲ್ವೆಸ್ಟರನ ಖಾತ್ರಿ. ಎಂದರೆ ಖಾತ್ರಿ ವರ್ಗಮೂಲದ ಬಳಿಗೆ ಬಂದು ನಿಲ್ಲುತ್ತದೆ. ಗಣಿತದ ಭಾಷೆಯಲ್ಲಿ ಘಾತಾಂಕ ಅರ್ಧ. ಘಾತಾಂಕ ಒಂದಕ್ಕೆ ತಲುಪಿದರೆ ಅವಿಭಾಜ್ಯ ಸಂಖ್ಯೆಯೇ ಕೈಗೆ ಸಿಕ್ಕಂತೆ.

ಆ ಗೋಡೆಯನ್ನು ಸ್ಪಷ್ಟವಾದ ಅಂತರದಿಂದ ದಾಟಿದವರು ರಾಮಚಂದ್ರ. ದೊಡ್ಡ ಅವಿಭಾಜ್ಯ ಅಪವರ್ತನವುಳ್ಳ ಸಂಖ್ಯೆಗಳನ್ನು ಕುರಿತ ಅವರ ಟಿಪ್ಪಣಿ 1969ರಲ್ಲಿ ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಂಖ್ಯೆಗಳು ಸಾಕಷ್ಟು ದೊಡ್ಡವಾಗಿದ್ದರೆ ಘಾತಾಂಕವನ್ನು ಅರ್ಧದಿಂದ 15/26ಕ್ಕೆ, ಅಂದರೆ ಸುಮಾರು 0.577ಕ್ಕೆ ಏರಿಸಬಹುದೆಂದು ಅವರು ಸಾಧಿಸಿದರು. ಮರುವರ್ಷದ ಎರಡನೆಯ ಟಿಪ್ಪಣಿಯಲ್ಲಿ ಅದು 5/8ಕ್ಕೆ, ಅಂದರೆ 0.625ಕ್ಕೆ ಏರಿತು. 1971ರಲ್ಲಿ ಮೂರನೆಯ ಟಿಪ್ಪಣಿಯೂ ಹೊರಬಂತು.

ಅರ್ಧದಿಂದ 0.625 ಎಂದರೆ ಸಣ್ಣ ಹೆಜ್ಜೆಯಂತೆ ಕಾಣಬಹುದು. ಅಳತೆಯ ಅಂದಾಜಿಗಾಗಿ ಮತ್ತೆ ಲಕ್ಷ ಕೋಟಿಯ ಉದಾಹರಣೆಯನ್ನೇ ನೋಡಿದರೆ, ಅರ್ಧ ಘಾತಾಂಕಕ್ಕೆ ಹತ್ತು ಲಕ್ಷ, 15/26ಕ್ಕೆ ಸುಮಾರು 84 ಲಕ್ಷ, 5/8ಕ್ಕೆ ಮೂರು ಕೋಟಿ ಹದಿನಾರು ಲಕ್ಷ. ಸಂಖ್ಯೆಗಳು ದೊಡ್ಡವಾದಂತೆ ಈ ವ್ಯತ್ಯಾಸವೂ ಕಲ್ಪನೆಗೆ ಮೀರಿ ಬೆಳೆಯುತ್ತದೆ. ಅದಕ್ಕೂ ಮಿಗಿಲಾಗಿ, ಅಲುಗದೆ ನಿಂತಿದ್ದ ಗೋಡೆಯಲ್ಲಿ ಒಂದು ಬಾಗಿಲು ತೆರೆದಿತ್ತು. ಮುಂದಿನ ದಶಕಗಳಲ್ಲಿ ಹಲವು ದೇಶಗಳ ಗಣಿತಜ್ಞರು ಅದೇ ಬಾಗಿಲಿನಿಂದ ಮುಂದುವರಿದು ಈ ಘಾತಾಂಕವನ್ನು 0.7ರ ಆಚೆಗೆ ಒಯ್ದರು. ಅಪವರ್ತನವನ್ನಲ್ಲದೆ ಅವಿಭಾಜ್ಯ ಸಂಖ್ಯೆಯನ್ನೇ ಹುಡುಕುವ ಮೂಲ ಪ್ರಶ್ನೆಯಲ್ಲಿ ಬೇಕರ್, ಹಾರ್ಮನ್ ಮತ್ತು ಪಿಂಟ್ಸ್ 2001ರಲ್ಲಿ ಬಹಳ ಹತ್ತಿರ ಬಂದರು. ನಡೆಯುವ ದೂರದ ಘಾತಾಂಕ ಅರ್ಧಕ್ಕೆ ಬದಲಾಗಿ 0.525 ಆಗಿದ್ದರೆ ದಾರಿಯಲ್ಲಿ ಅವಿಭಾಜ್ಯ ಸಂಖ್ಯೆ ಸಿಕ್ಕೇ ಸಿಗುತ್ತದೆಂದು ಅವರು ತೋರಿಸಿದರು. ಉಳಿದ 0.025ರ ಅಂತರ ಇನ್ನೂ ಮುಚ್ಚಿಲ್ಲ.

ಸಾಲಿನಲ್ಲಿ ನಿಂತ ಸಂಖ್ಯೆಗಳು

1969ರಲ್ಲಿಯೇ ಸಿ.ಎ. ಗ್ರಿಮ್ ಎಂಬವರು ಮತ್ತೊಂದು ಚೆಂದದ ಊಹೆಯನ್ನು ಮುಂದಿಟ್ಟರು. 23 ಮತ್ತು 29 ಎರಡು ಅನುಕ್ರಮ ಅವಿಭಾಜ್ಯಗಳು. ನಡುವೆ ಇರುವ 24, 25, 26, 27, 28 ಎಲ್ಲವೂ ಭಾಗವಾಗುವ ಸಂಖ್ಯೆಗಳು. ಇವುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಅಪವರ್ತನವಾದ ಒಂದೊಂದು ಅವಿಭಾಜ್ಯ ಸಂಖ್ಯೆಯನ್ನು, ಒಂದಕ್ಕೆ ಕೊಟ್ಟದ್ದನ್ನು ಇನ್ನೊಂದಕ್ಕೆ ಕೊಡದಂತೆ, ಹಂಚಬಹುದೇ? 24ಕ್ಕೆ 2, 25ಕ್ಕೆ 5, 26ಕ್ಕೆ 13, 27ಕ್ಕೆ 3, 28ಕ್ಕೆ 7 ಎಂದು ಹಂಚಿದರೆ ಲೆಕ್ಕ ಸರಿಹೋಗುತ್ತದೆ. ಅವಿಭಾಜ್ಯಗಳಿಲ್ಲದ ಯಾವ ಸಾಲಿನಲ್ಲಾದರೂ ಹೀಗೆ ಹಂಚಲು ಸಾಧ್ಯ ಎಂಬುದೇ ಗ್ರಿಮ್ಮನ ಊಹೆ.

ಆಟದಂತೆ ಕಾಣುವ ಈ ಮಾತಿನ ಹಿಂದೆ ಆಳವಿದೆ. ಪಾಲ್ ಎರ್ಡಿಶ್ ಮತ್ತು ಸೆಲ್ಫ್ರಿಜ್ ತೋರಿಸಿಕೊಟ್ಟಂತೆ, ಈ ಊಹೆ ನಿಜವಾದರೆ ಅವಿಭಾಜ್ಯಗಳ ನಡುವಿನ ಅಂತರಗಳು ಇಂದು ಸಾಧಿಸಲು ಆಗಿರುವುದಕ್ಕಿಂತ ಬಹಳ ಕಿರಿದಾಗಿರಲೇಬೇಕು. ರಾಮಚಂದ್ರರು ತಮ್ಮ ಶಿಷ್ಯ ತಾರಲೋಕನಾಥ ಶೋರೆ ಹಾಗೂ ನೆದರ್‌ಲ್ಯಾಂಡ್ಸ್‌ನ ರಾಬರ್ಟ್ ಟೈಡ್‌ಮನ್ ಅವರೊಡನೆ 1975ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇಂಥ ಹಂಚಿಕೆ ಎಷ್ಟು ಉದ್ದದ ಸಾಲಿನವರೆಗೆ ಖಂಡಿತವಾಗಿ ಸಾಧ್ಯ ಎಂಬುದಕ್ಕೆ ಹಿಂದಿನದಕ್ಕಿಂತ ಬಲವಾದ ಉತ್ತರ ಕೊಟ್ಟರು. ಬ್ರಿಟನ್ನಿನ ಅಲನ್ ಬೇಕರ್ 1960ರ ದಶಕದಲ್ಲಿ ರೂಪಿಸಿದ ವಿಧಾನವನ್ನು ಅವಿಭಾಜ್ಯ ಅಪವರ್ತನಗಳ ಪ್ರಶ್ನೆಗೆ ಹೊರಳಿಸಿದ್ದು ಈ ಕೆಲಸದ ವಿಶೇಷ. ಬೇರೆ ಕೆಲಸಕ್ಕೆಂದು ಮಾಡಿದ ಆಯುಧ ತನ್ನ ಕೆಲಸಕ್ಕೂ ಒದಗೀತೆಂದು ಗುರುತಿಸುವ ಕಣ್ಣು ರಾಮಚಂದ್ರರಿಗಿತ್ತು.

ಆರು ಘಾತಗಳ ಪ್ರಮೇಯ

ಬೀಜಾತೀತ ಸಂಖ್ಯೆಗಳ ಕ್ಷೇತ್ರದಲ್ಲಿ ಅವರ ಹೆಸರು ಅಮೆರಿಕದ ಸರ್ಜ್ ಲ್ಯಾಂಗ್ ಅವರ ಹೆಸರಿನೊಡನೆ ಸೇರಿಕೊಂಡಿದೆ. 1960ರ ದಶಕದಲ್ಲಿ ಇಬ್ಬರೂ ಸ್ವತಂತ್ರವಾಗಿ ಸಾಧಿಸಿದ ಆರು ಘಾತಗಳ ಪ್ರಮೇಯದ ಒಂದು ಫಲಿತಾಂಶವನ್ನು ಸರಳವಾಗಿ ಹೀಗೆ ಹೇಳಬಹುದು. ಎರಡನ್ನು ಯಾವುದೋ ಒಂದು ಘಾತಕ್ಕೆ ಏರಿಸಿದಾಗ ಪೂರ್ಣ ಸಂಖ್ಯೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಅದರಿಂದ ಆ ಘಾತಾಂಕವೂ ಪೂರ್ಣ ಸಂಖ್ಯೆಯೆಂದು ಹೇಳಲಾಗದು. ಎರಡನ್ನು ಸುಮಾರು 1.585ರ ಘಾತಕ್ಕೆ ಏರಿಸಿದರೆ ಸರಿಯಾಗಿ ಮೂರು ಬರುವ ಒಂದು ಘಾತಾಂಕವಿದೆ. ಆದರೆ ಅದೇ ಘಾತಕ್ಕೆ ಮೂರನ್ನು ಏರಿಸಿದರೆ ಸುಮಾರು 5.70 ಬರುತ್ತದೆ, ಪೂರ್ಣ ಸಂಖ್ಯೆಯಲ್ಲ. ಎರಡು, ಮೂರು, ಐದು ಈ ಮೂರೂ ಅವಿಭಾಜ್ಯಗಳನ್ನು ಒಂದೇ ಘಾತಕ್ಕೆ ಏರಿಸಿದಾಗ ಮೂರೂ ಪೂರ್ಣ ಸಂಖ್ಯೆಗಳಾದರೆ ಆ ಘಾತಾಂಕವೂ ಪೂರ್ಣ ಸಂಖ್ಯೆಯೇ ಆಗಿರಬೇಕೆಂಬುದು ಈ ಪ್ರಮೇಯದಿಂದ ಖಚಿತವಾಗುತ್ತದೆ.

ಮೂರು ಅವಿಭಾಜ್ಯಗಳ ಬದಲು ಎರಡೇ ಸಾಕೇ? ಸಾಕೆಂದು ಎಲ್ಲರೂ ನಂಬುತ್ತಾರೆ, ಸಾಧಿಸಿದವರಿಲ್ಲ. ಇಲ್ಲಿಯೂ ಅದೇ ಕಂದರ. ರಾಮಚಂದ್ರರ ಈ ಲೇಖನಗಳು ಫ್ರಾನ್ಸಿನಲ್ಲಿ ಮಿಶೆಲ್ ವಾಲ್ಡ್‌ಷ್ಮಿಟ್ ಅವರಂಥ ತರುಣರ ಗಮನ ಸೆಳೆದವು. 1976ರಲ್ಲಿ ರಾಮಚಂದ್ರರ ಆಹ್ವಾನದ ಮೇಲೆ ವಾಲ್ಡ್‌ಷ್ಮಿಟ್ ಬೊಂಬಾಯಿಗೆ ಬಂದರು. ಊರೂರು ಅಲೆಯುತ್ತ ಗಣಿತ ಮಾಡುತ್ತಿದ್ದ ಹಂಗೇರಿಯ ಪಾಲ್ ಎರ್ಡಿಶ್ ಕೂಡ ರಾಮಚಂದ್ರರ ಅತಿಥಿಯಾಗಿದ್ದರು. ಎರ್ಡಿಶ್ ಮತ್ತು ಜಿ. ಜೋಗೇಶ್ ಬಾಬು ಅವರೊಡನೆ ರಾಮಚಂದ್ರರು ಬರೆದ ಲೇಖನಗಳೂ ಇವೆ.

ಗುರುವಿನ ಮನೆ

ಗಣಿತದಲ್ಲಿ ಒಬ್ಬನ ಪ್ರಮೇಯವನ್ನು ಮತ್ತೊಬ್ಬ ಮೀರಿಸುವುದು ಸಹಜ. ರಾಮಚಂದ್ರರ 5/8 ಕೂಡ ಮುಂದೆ ಹಿಂದುಳಿಯಿತು. ಆದರೆ ಗುರು ಬೆಳೆಸಿದ ಪರಂಪರೆಗೆ ಹಾಗೆ ಹಳತಾಗುವ ಭಯವಿಲ್ಲ. ಅವರ ಬಳಿ ಸಂಶೋಧನೆ ಮಾಡಿದ ಶೋರೆ, ಎಸ್. ಶ್ರೀನಿವಾಸನ್, ಆರ್. ಬಾಲಸುಬ್ರಮಣಿಯನ್, ವಿ.ವಿ. ರಾಣೆ, ಎ. ಶಂಕರನಾರಾಯಣನ್, ಕೆ. ಶ್ರೀನಿವಾಸ್ ಮೊದಲಾದವರು ಭಾರತದಲ್ಲಿ ವಿಶ್ಲೇಷಣಾತ್ಮಕ ಸಂಖ್ಯಾ ಸಿದ್ಧಾಂತವನ್ನು ಮುಂದಕ್ಕೆ ಒಯ್ದರು. ಬಾಲಸುಬ್ರಮಣಿಯನ್ 1986ರಲ್ಲಿ ಫ್ರಾನ್ಸಿನ ದೆಜುಯೇ ಮತ್ತು ದ್ರೆಸ್ ಅವರೊಡನೆ ಸೇರಿ, ಯಾವುದೇ ಪೂರ್ಣ ಸಂಖ್ಯೆಯನ್ನು ಹೆಚ್ಚೆಂದರೆ 19 ನಾಲ್ಕನೆಯ ಘಾತಗಳ ಮೊತ್ತವಾಗಿ ಬರೆಯಬಹುದೆಂದು ಸಾಧಿಸಿದರು. ಎರಡು ಶತಮಾನಗಳ ಹಿಂದಿನ ಪ್ರಶ್ನೆಯೊಂದಕ್ಕೆ ಹಾಗೆ ತೆರೆ ಬಿತ್ತು. ಅವರು ಮುಂದೆ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆದರು.

ಈ ಶಿಷ್ಯರ ಸಾಲಿನಲ್ಲಿ ಮಂಗಳಾ ನಾರಳೀಕರ್ ಅವರ ಹೆಸರು ವಿಶೇಷವಾಗಿ ನೆನೆಯತಕ್ಕದ್ದು. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಅವರನ್ನು ಮದುವೆಯಾಗಿ, ಸಂಸಾರ ಮತ್ತು ಮಕ್ಕಳ ಹೊಣೆಯ ನಡುವೆ ವರ್ಷಗಳ ಬಳಿಕ ಮತ್ತೆ ಗಣಿತಕ್ಕೆ ಮರಳಿದ ಅವರು 1981ರಲ್ಲಿ ಪಿಎಚ್.ಡಿ. ಪಡೆದರು. ಗಿರಣಿಯ ಮೇಜಿನಿಂದ ಗಣಿತಕ್ಕೆ ಬಂದಿದ್ದ ಗುರುವಿಗೆ, ತಡವಾಗಿ ಬಂದವರು ಹಿಂದುಳಿದವರಲ್ಲ ಎಂಬುದು ತಿಳಿದ ಸಂಗತಿಯೇ ಆಗಿತ್ತು.

ಡಿಸೆಂಬರ್ 22ರ ಪತ್ರಿಕೆ

1978ರಲ್ಲಿ ರಾಮಚಂದ್ರರು ಬಾಲಸುಬ್ರಮಣಿಯನ್ ಅವರೊಡನೆ ಸೇರಿ ಹಾರ್ಡಿ-ರಾಮಾನುಜನ್ ಜರ್ನಲ್ ಎಂಬ ಗಣಿತ ಪತ್ರಿಕೆಯನ್ನು ಆರಂಭಿಸಿದರು. ಅವಿಭಾಜ್ಯ ಸಂಖ್ಯೆಗಳು, ಡಯೊಫ್ಯಾಂಟಸ್ ಸಮೀಕರಣಗಳು, ಬೀಜಾತೀತ ಸಂಖ್ಯೆಗಳು ಅದರ ವಸ್ತು. ವರ್ಷಕ್ಕೆ ಒಂದೇ ಸಂಚಿಕೆ. ಅದೂ ರಾಮಾನುಜನ್ನರ ಜನ್ಮದಿನವಾದ ಡಿಸೆಂಬರ್ 22ರಂದು. ದೊಡ್ಡ ಪ್ರಕಾಶನ ಸಂಸ್ಥೆಗಳ ಬೆನ್ನಾಸರೆಯಿಲ್ಲದೆ, ಹಾರ್ಡಿ-ರಾಮಾನುಜನ್ ಸೊಸೈಟಿಯ ಹೆಸರಿನಲ್ಲಿ ನಡೆದ ಈ ಪತ್ರಿಕೆಯನ್ನು ರಾಮಚಂದ್ರರು ಬದುಕಿರುವವರೆಗೂ ಮುನ್ನಡೆಸಿದರು. ಹುಡುಗನಾಗಿದ್ದಾಗ ಬಹುಮಾನವಾಗಿ ಬಂದ ಪುಸ್ತಕದ ಋಣವನ್ನು ಅವರು ತೀರಿಸಿದ ಬಗೆಯಿದು.

ಮೊದಲ ಸಂಚಿಕೆಯಲ್ಲಿಯೇ ಅವರದೊಂದು ಮಹತ್ವದ ಲೇಖನವಿತ್ತು. ಅದು ರೀಮನ್ನನ ಜೀಟಾ ಫಲನವನ್ನು ಕುರಿತದ್ದು. ಜರ್ಮನಿಯ ರೀಮನ್ 1859ರಲ್ಲಿ ಈ ಫಲನದ ವರ್ತನೆಗೂ ಅವಿಭಾಜ್ಯ ಸಂಖ್ಯೆಗಳ ಹಂಚಿಕೆಗೂ ಇರುವ ನಂಟನ್ನು ಬಯಲುಗೊಳಿಸಿ, ಫಲನ ಶೂನ್ಯವಾಗುವ ಜಾಗಗಳ ಬಗ್ಗೆ ಒಂದು ಊಹೆ ಮಾಡಿದ್ದ. ಗಣಿತದ ಅತ್ಯಂತ ಪ್ರಸಿದ್ಧ ಬಗೆಹರಿಯದ ಸಮಸ್ಯೆ ಅದು. ಅಮೆರಿಕದ ಕ್ಲೇ ಸಂಸ್ಥೆ 2000ದಲ್ಲಿ ಅದಕ್ಕೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿತು. ಆ ಫಲನ ಸರಾಸರಿಯಾಗಿ ಎಷ್ಟು ದೊಡ್ಡದಾಗುತ್ತದೆ, ಕನಿಷ್ಠ ಎಷ್ಟಾದರೂ ಆಗಲೇಬೇಕು ಎಂಬ ಪ್ರಶ್ನೆಗೆ ರಾಮಚಂದ್ರರು ವರ್ಷಾನುಗಟ್ಟಲೆ ದುಡಿದರು. ಫಲನದ ಸರಾಸರಿಗಳಿಗೆ ಅವರು ಕೊಟ್ಟ ಕೆಳಮಿತಿಗಳು ಈ ಕ್ಷೇತ್ರದಲ್ಲಿ ಇಂದಿಗೂ ಆಧಾರವಾಗಿವೆ. ಈ ವಿಷಯದ ಬಗ್ಗೆ ಅವರು ನೀಡಿದ ಉಪನ್ಯಾಸಗಳು 1995ರಲ್ಲಿ ಟಾಟಾ ಸಂಸ್ಥೆಯ ಮಾಲೆಯಲ್ಲಿ ಪುಸ್ತಕವಾದವು.

ಮರಳಿ ಬೆಂಗಳೂರಿಗೆ

1995ರ ನಿವೃತ್ತಿಯ ಬಳಿಕ ಅವರು ಬೆಂಗಳೂರಿಗೆ ಮರಳಿದರು. ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕುಳಿತು ಸಂಶೋಧನೆಯನ್ನೂ ಪತ್ರಿಕೆಯನ್ನೂ ಮುಂದುವರಿಸಿದರು. ಎಪ್ಪತ್ತು ದಾಟಿದ ಮೇಲೆ, 2007ರಲ್ಲಿ, ವಿದ್ಯಾರ್ಥಿಗಳಿಗಾಗಿ ಸಂಖ್ಯಾ ಸಿದ್ಧಾಂತದ ಪಠ್ಯಪುಸ್ತಕವೊಂದನ್ನು ಹೊರತಂದರು. 2011ರ ಜನವರಿ 17ರಂದು ಬೆಂಗಳೂರಿನಲ್ಲಿ ನಿಧನರಾದಾಗ ಅವರಿಗೆ ಎಪ್ಪತ್ತೇಳು ವರ್ಷ. ಅವರ ನಂತರವೂ ಪತ್ರಿಕೆ ನಿಲ್ಲಲಿಲ್ಲ. ಫ್ರಾನ್ಸಿನ ಅಂತರ್ಜಾಲ ವೇದಿಕೆಯೊಂದಕ್ಕೆ ಸ್ಥಳಾಂತರಗೊಂಡು, ಯಾರು ಬೇಕಾದರೂ ಹಣ ಕೊಡದೆ ಓದುವಂತಾಯಿತು.

ರಾಮಚಂದ್ರರು ಗಣಿತ ಆರಂಭಿಸಿದ ಕಾಲಕ್ಕೆ ದೊಡ್ಡ ಅವಿಭಾಜ್ಯ ಸಂಖ್ಯೆಗಳಿಂದ ವ್ಯವಹಾರಕ್ಕೆ ಪ್ರಯೋಜನವಿರಲಿಲ್ಲ. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್ಮನ್ ಎಂಬ ಮೂವರು ರೂಪಿಸಿದ ಗುಪ್ತ ಸಂದೇಶದ ವಿಧಾನ ಅದನ್ನು ಬದಲಿಸಿತು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮತ್ತೆ ಒಡೆಯುವುದು ಅತಿ ಕಷ್ಟ ಎಂಬುದೇ ಅದರ ಬಲ. ಬ್ಯಾಂಕಿನ ಅಂತರ್ಜಾಲ ವ್ಯವಹಾರಗಳ ಸುರಕ್ಷತೆಗೆ ಈ ವಿಧಾನ ದಶಕಗಳ ಕಾಲ ಕಾವಲಾಯಿತು. ಇತ್ತ ಅತಿ ದೊಡ್ಡ ಅವಿಭಾಜ್ಯವನ್ನು ಪತ್ತೆಹಚ್ಚುವ ಪೈಪೋಟಿಯೂ ಬೆಳೆಯಿತು. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯೂರಾಂಟ್ ಕಂಡುಹಿಡಿದ ಸಂಖ್ಯೆ, ಎರಡನ್ನು 13,62,79,841ರ ಘಾತಕ್ಕೆ ಏರಿಸಿ ಒಂದನ್ನು ಕಳೆದಾಗ ಬರುವಂಥದ್ದು. ಅದರಲ್ಲಿ 4,10,24,320 ಅಂಕಿಗಳಿವೆ. ಅಂದಿನವರೆಗೆ ತಿಳಿದಿದ್ದ ಅವಿಭಾಜ್ಯಗಳಲ್ಲಿ ಅದೇ ದೊಡ್ಡದು. ಅಷ್ಟು ಎತ್ತರದಲ್ಲಿ ಸರಾಸರಿ ಒಂಬತ್ತೂವರೆ ಕೋಟಿ ಸಂಖ್ಯೆಗಳಿಗೊಂದು ಅವಿಭಾಜ್ಯವಿರುತ್ತದೆ.

ಆದರೆ ಕಂಪ್ಯೂಟರ್ ಪತ್ತೆಹಚ್ಚುವುದು ಒಂದು ಸಂಖ್ಯೆಯನ್ನು. ಪ್ರಮೇಯ ಹೇಳುವುದು ಎಲ್ಲ ಸಂಖ್ಯೆಗಳ ಮಾತನ್ನು. ಎಷ್ಟೇ ದೊಡ್ಡ ಅವಿಭಾಜ್ಯ ಸಿಕ್ಕರೂ ಅದರಾಚೆಗಿನ ಬಯಲು ಎಷ್ಟು ಅಗಲವೆಂದು ಯಂತ್ರ ಹೇಳಲಾರದು. ಅದನ್ನು ಹೇಳಬಲ್ಲದ್ದು ಸಾಧನೆ ಮಾತ್ರ. ಆ ಸಾಧನೆ ಬರುವುದು ಅರ್ಧದಿಂದ 0.577ಕ್ಕೆ, ಅಲ್ಲಿಂದ 0.625ಕ್ಕೆ ಏರುವಂಥ ಸಣ್ಣ ಹೆಜ್ಜೆಗಳಲ್ಲಿ. ಲೆಜಾಂಡ್ರನ ಊಹೆಯನ್ನಾಗಲಿ ರೀಮನ್ನನ ಊಹೆಯನ್ನಾಗಲಿ ರಾಮಚಂದ್ರರು ಬಗೆಹರಿಸಲಿಲ್ಲ. ಬಗೆಹರಿಸುವ ದಾರಿಯಲ್ಲಿ ಕೆಲವು ಮೆಟ್ಟಿಲುಗಳನ್ನು ಕಡೆದರು, ಮುಂದೆ ಕಡೆಯುವವರನ್ನು ಬೆಳೆಸಿದರು, ಅವರ ಬರಹಗಳಿಗೆ ಒಂದು ಪತ್ರಿಕೆಯನ್ನು ಉಳಿಸಿ ಹೋದರು. ಪ್ರತಿ ವರ್ಷ ಡಿಸೆಂಬರ್ 22ರಂದು ದೇಶ ರಾಮಾನುಜನ್ನರನ್ನು ನೆನೆದು ಗಣಿತ ದಿನವನ್ನು ಆಚರಿಸುತ್ತದೆ. ಅದೇ ದಿನಾಂಕವನ್ನು ತನ್ನ ಪತ್ರಿಕೆಯ ಮೇಲೆ ಮೂರು ದಶಕಗಳ ಕಾಲ ಅಚ್ಚು ಹಾಕಿಸಿದ ಮಂಡ್ಯದ ಈ ಗಣಿತಜ್ಞನಿಗೂ ಆ ನೆನಪಿನಲ್ಲಿ ಒಂದು ಪಾಲು ಸಲ್ಲಬೇಕು.